ಒಂದು ‘ಹೂಂ’ ಮಾಡಿದ ಅನಾಹುತ

ಸಂಜೆ ಐದೂಮುಕ್ಕಾಲಿಗೆ ಸವಣೂರಿನ ನಮ್ಮ ಮನೆ ನೆಟ್ಟಗೇ ಇತ್ತು. ಐದು ನಲವತ್ತೇಳಕ್ಕೆ ಇರಲಿಲ್ಲ. ಇಷ್ಟು ಬೇಗ ಸಂಸಾರ ಹದಗೆಡಬಹುದೆಂದು ನಾನು ಎಣಿಸಿರಲಿಲ್ಲ. ಅದಕ್ಕೆ ನೆಂಟರಾದರೂ ಬರಬೇಕಾಗುತ್ತದೆ ಎಂದುಕೊಂಡಿದ್ದೆ.

ನನ್ನ ಹೆಂಡತಿ ಗೀತಾ ಆಡೂರಿನ ಶಾಸನಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ವರ್ಷಗಟ್ಟಲೆ ಬಿಸಿಲಲ್ಲಿ ನಿಂತು ತೆಗೆದ ಫೋಟೋಗಳು, ಬರೆದ ಅಧ್ಯಾಯಗಳು, ಎಲ್ಲವೂ ನಮ್ಮ ಹಳೇ ಕಂಪ್ಯೂಟರಿನಲ್ಲಿದ್ದವು. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಪೆನ್‌ಡ್ರೈವ್ ತರಬೇಕು ಎಂದು ಇಬ್ಬರೂ ಆಗಾಗ ಹೇಳಿಕೊಳ್ಳುತ್ತಿದ್ದೆವು, ಹೇಳಿಕೊಂಡು ಸಮಾಧಾನಪಡುತ್ತಿದ್ದೆವು. ಅಂದು ಜಾಗ ಸಾಲದಾಗಿ, ಬಳಸದ ಒಂದು ತಂತ್ರಾಂಶದ ಪ್ಯಾಕೇಜನ್ನು ತೆಗೆದುಹಾಕಲು ಗೀತಾ ಕೂತಳು. ಶಿಗ್ಗಾವಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಗೆಳತಿ ಶಬಾನಾ ಆಕೆಗೆ ಇದನ್ನು ಕಲಿಸಿದ್ದಳು. ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬರೆದರೆ ತಂತ್ರಾಂಶ ಬರುತ್ತದೆ, ಇನ್ನೊಂದು ಸಾಲು ಬರೆದರೆ ಹೋಗುತ್ತದೆ.

“ರೀ, ಏನೇನೋ ಹೆಸರು ತೋರ್ಸಿ, ತಗೀಲೇನು ಅಂತ ಕೇಳಾಕತ್ತೈತಿ. ಹೂಂ ಅನ್ಲೇನು?”

“ಹೂಂ ಅನ್ನು,” ಎಂದೆ, ಪೇಪರಿನಿಂದ ತಲೆ ಎತ್ತದೆ.

ನಾನು ಇಂಗ್ಲಿಷ್ ಮೇಷ್ಟ್ರು. ಪರದೆಯ ಮೇಲಿದ್ದುದು ಇಂಗ್ಲಿಷೇ. ಆದರೂ ಎದ್ದು ಓದಲಿಲ್ಲ. ನಮ್ಮ ಕಡೆ ಮೊದಲ ‘ಹೂಂ’ ಬರೀ ಮರ್ಯಾದೆಗೆ. “ನಾಳೆ ಬರ್ತೀರಿ?” ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ, “ಖರೇನ ಬರ್ತೀರಿ?” ಎಂದು ಮತ್ತೆ ಕೇಳಿದಾಗಲೇ ಮನುಷ್ಯ ಯೋಚಿಸುವುದು. ಕಂಪ್ಯೂಟರಿಗೆ ಈ ರಿವಾಜು ಗೊತ್ತಿರಲಿಲ್ಲ. ಅದು ಒಂದೇ ಸಲ ಕೇಳಿತು, ನಂಬಿತು, ಕೆಲಸ ಶುರುಮಾಡಿತು. ಮದುವೆ ಊಟದ ಪಂಕ್ತಿಯಲ್ಲಿ ಒಬ್ಬ ಬೀಗರನ್ನು ಎಬ್ಬಿಸಿದರೆ ಅವರ ಕಡೆಯವರೆಲ್ಲ ಎಲೆ ಬಿಟ್ಟು ಏಳುವ ಹಾಗೆ, ಆ ಒಂದು ಪ್ಯಾಕೇಜನ್ನು ನೆಚ್ಚಿಕೊಂಡಿದ್ದವೆಲ್ಲ ಸಾಲಾಗಿ ಎದ್ದು ಹೋದವು. ಯಂತ್ರವನ್ನು ಆರಿಸಿ ಹಚ್ಚಿದರೆ ಚಿತ್ರವಿಲ್ಲ, ಗುಂಡಿಗಳಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ.

“ಎಲ್ಲಾ ಹೋತ್ರಿ,” ಎಂದಳು ಗೀತಾ. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು, ಆಕೆ ಅಳಲಿಲ್ಲ.

ನಾನೇ ಶಬಾನಾಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದೆ. ವ್ಯಾಪಾರಸ್ಥರ ಮನೆಯ ಮಗಳು ಆಕೆ. “ಗೀತಕ್ಕಾ, ಗಾಬರಿ ಆಗಬ್ಯಾಡ್ರಿ. ಮುಂದಿನ ಅಂಗಡಿ ಬಂದ್ ಆಗೇತಿ ಅಷ್ಟ. ಹಿಂದ ಗೋದಾಮಿನಾಗ ಮಾಲು ಹಂಗ ಐತಿ. ನಾ ಹೇಳಿದಂಗ ಬರೀರಿ.”

“ಖರೇನ, ಶಬಾನಾ?”

“ಖರೇನರಿ. ಮತ್ತ ಸರ್‌ನ ಸ್ವಲ್ಪ ದೂರ ಕುಂದ್ರಸ್ರಿ.”

ನಾನು ಬಾಗಿಲ ಹತ್ತಿರ ಕೂತೆ. ಶಬಾನಾ ಅಕ್ಷರ ಅಕ್ಷರ ಹೇಳಿದಳು, ಗೀತಾ ಬರೆದಳು. ಮೊದಲ ಸಾಲಿಗೇ ಕಡತಗಳ ಹೆಸರುಗಳು ಬಂದವು. “ಆಡೂರು ಐತಿ!” ಎಂದು ಕೂಗಿ ಗೀತಾ ಆಗ ಅತ್ತಳು. ಮುಂದಿನ ಸಾಲು ಬರೆದದ್ದೇ, ಎದ್ದು ಹೋಗಿದ್ದ ಪ್ಯಾಕೇಜುಗಳೆಲ್ಲ ಮುನಿಸು ಬಿಟ್ಟ ಬೀಗರಂತೆ ಒಂದೊಂದಾಗಿ ಮರಳತೊಡಗಿದವು. ಈ ತಂತ್ರಾಂಶಗಳನ್ನೆಲ್ಲ ಬರೆದು, ಯಾರು ಬೇಕಾದರೂ ತೆಗೆದುಕೊಳ್ಳಲೆಂದು ಪುಕ್ಕಟೆ ಇಟ್ಟ ಗುರುತಿಲ್ಲದ ಜನರಿಗೆ ನಾನು ಕೂತಲ್ಲಿಂದಲೇ ಕೈ ಮುಗಿದೆ. ಶಬಾನಾಗಂತೂ ಈ ಜನ್ಮದಲ್ಲಿ ಎಷ್ಟು ಮುಗಿದರೂ ಸಾಲದು.

ಗೀತಾ ಅಂದೇ ನಿಶ್ಚಿಂತೆಯಿಂದ ಮಲಗಿದಳು. ನಾನು ಮಾತ್ರ ದಿನವೂ ನಡುರಾತ್ರಿ ಬೆಚ್ಚಿ ಎದ್ದು, ಕಂಪ್ಯೂಟರ್ ಹಚ್ಚಿ, ಪ್ರಬಂಧ ಇದೆಯೇ ಎಂದು ನೋಡಿ ಬರುತ್ತಿದ್ದೆ. ಕಳೆದ ಶುಕ್ರವಾರ ಆಕೆ ಪಾಸ್‌ವರ್ಡ್ ಬದಲಿಸಿದಳು, ನನಗೆ ಹೇಳಲಿಲ್ಲ. ಅಂದು ರಾತ್ರಿ ನಾನು ಬೆಳಗಾಗುವವರೆಗೆ ನಿದ್ದೆ ಮಾಡಿದೆ.