ಜೀಪಿನ ಕೊಬ್ಬರಿ

ಪೊಲೀಸ್ ಜೀಪು ಕಂಡರೆ ಯಾರಾದರೂ ಏನು ಮಾಡುತ್ತಾರೆ? ಹೆಲ್ಮೆಟ್ ತಡಕುತ್ತಾರೆ, ಇಲ್ಲವೇ ಅಡ್ಡರಸ್ತೆ ಹಿಡಿಯುತ್ತಾರೆ. ನಮ್ಮ ಸೋದರಮಾವ ಮಾತ್ರ ರಸ್ತೆಯ ನಡುವೆ ನಿಂತು ಜೀಪಿಗೇ ಕೈ ಅಡ್ಡ ಹಿಡಿದು, "ಯಾಕ್ರೀ ಇಷ್ಟ್ ಹೊತ್ತು?" ಎಂದು ಕೇಳುತ್ತಾರೆ! ಪೊಲೀಸರಿಗಾಗಿ ಹೀಗೆ ಹಂಬಲಿಸುವ ಇನ್ನೊಬ್ಬ ಮನುಷ್ಯ ಅರಸೀಕೆರೆ ತಾಲ್ಲೂಕಿನಲ್ಲಿ ಇದ್ದರೆ ದಯವಿಟ್ಟು ನನಗೂ ತೋರಿಸಿ.

ಮಾವ ಜಾವಗಲ್ಲಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು. ವರ್ಷದ ಒಂಬತ್ತು ತಿಂಗಳು ಅವರಂಥ ಧೈರ್ಯವಂತರಿಲ್ಲ. ಕಾರ್ತಿಕ ಕಳೆದು ಮಂಜು ಬೀಳತೊಡಗಿತೋ, ಮುಗಿಯಿತು. ಹಳೇಬೀಡಿನ ರಸ್ತೆ ಅವರ ಪಾಲಿಗೆ ಯಮನ ಅಂಗಳ. ದೇವಸ್ಥಾನ ತೋರಿಸಲು ಮಕ್ಕಳನ್ನು ತುಂಬಿಕೊಂಡು ನಿದ್ದೆಗಣ್ಣಲ್ಲಿ ಬರುವ ಶಾಲಾ ಪ್ರವಾಸದ ಬಸ್ಸುಗಳು, ಹಿಂದೆ ಕೆಂಪು ದೀಪವೇ ಇಲ್ಲದ ತೆಂಗಿನಕಾಯಿ ಟ್ರ್ಯಾಕ್ಟರುಗಳು, ಸಾಲದ್ದಕ್ಕೆ ಟಾರಿನ ಮೇಲೆ ಹಾಸಿಗೆಯಂತೆ ಹರಡಿದ ರಾಗಿ ತೆನೆ. ಹೋಗಿ ಬರುವ ವಾಹನಗಳೆಲ್ಲ ತುಳಿದು ಪುಕ್ಕಟೆ ಒಕ್ಕಣೆ ಮಾಡಿಕೊಡಲಿ ಎಂಬುದು ನಮ್ಮೂರಿನವರ ಉಪಾಯ. ಬೈಕು ಅದರ ಮೇಲೆ ಹತ್ತಿದರೆ ಒಕ್ಕಣೆಯಾಗುವುದು ಸವಾರನದು! ದಿನವೂ ಬೆಳಿಗ್ಗೆ ಆರೂವರೆಗೆ ಇದೇ ರಸ್ತೆಯಲ್ಲಿ ಬೇಲೂರಿನ ಕಾಲೇಜಿಗೆ ಪಾಠ ಮಾಡಲು ಹೋಗುವ ಸವಾರ ನಾನು.

ನಾನು ಮೈಸೂರಿನಲ್ಲಿ ತತ್ವಶಾಸ್ತ್ರ ಓದಿದವನು. ಕಣ್ಣಾರೆ ಕಂಡದ್ದನ್ನೂ ಎರಡು ಸಲ ಅನುಮಾನಿಸಬೇಕೆಂದು ಕಲಿತವನು.

"ಮಂಜಿನಿಂದಲೇ ಅಪಘಾತ ಆಗ್ತವೆ ಅನ್ನೋದಕ್ಕೆ ಏನು ಪುರಾವೆ, ಮಾವ?" ಎಂದು ಕೇಳಿದ್ದೆ.

"ಆ ಪುರಾವೆ ನೀನೇ ಆಗ್ಬೇಡ ಕಣೋ," ಎಂದರು.

ನಾನೇನೋ ನಕ್ಕೆ. ಆದರೆ ಮುಂದಿನ ಚಕ್ರವೂ ಕಾಣದ ಬಿಳುಪಿನಲ್ಲಿ, ಎತ್ತಲಿಂದ ಬರುತ್ತಿದೆಯೆಂದು ತಿಳಿಯದ ಎಂಜಿನ್ ಸದ್ದು ಕೇಳಿಸಿಕೊಳ್ಳುತ್ತ ಹೋಗುವಾಗ, ಓದಿದ ತತ್ವಶಾಸ್ತ್ರವೆಲ್ಲ ಮರೆತು ಮನೆದೇವರ ಹೆಸರು ಹೇಳುತ್ತಿದ್ದದ್ದು ನಿಜ. ಅದನ್ನು ಮಾವನಿಗೆ ಹೇಳುವುದುಂಟೇ?

ಒಮ್ಮೆ ಮಾವ ಅರಸೀಕೆರೆಯಿಂದ, ಲಾರಿಗಳಿಗೆ ಅಂಟಿಸುವ ಹೊಳೆಯುವ ಪಟ್ಟಿಗಳನ್ನು ಸುರುಳಿಗಟ್ಟಲೆ ತಂದರು. ಎಮ್ಮೆಯ ಕೊಂಬಿಗೆ ಅಂಟಿಸಿದರು, ಅತ್ತೆಯ ಹೂವಿನ ಬುಟ್ಟಿಗೆ ಅಂಟಿಸಿದರು. ನನಗೆ ತಿಳಿಯದಂತೆ ನನ್ನ ಸ್ವೆಟರಿನ ಬೆನ್ನಿಗೆ "ಅಂತರ ಕಾಪಾಡಿ" ಎಂಬ ಬರಹವನ್ನೂ ಅಂಟಿಸಿದರು. ಅವತ್ತು ನಾನು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ತರಗತಿಯಲ್ಲಿ ನಗು. ನಮ್ಮ ಪ್ರಿನ್ಸಿಪಾಲರು ಅದನ್ನು ಓದಿ, ಗಂಭೀರವಾಗಿ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತೇ ಮಾತಾಡಿದರು!

ಪಟ್ಟಿಗಳಿಂದ ಮಾವನ ಭಯ ಇಳಿಯಲಿಲ್ಲ. ಬೆಳಗಿನ ಹೊತ್ತು ಆ ರಸ್ತೆಯಲ್ಲಿ ಜೀಪು ಓಡಾಡಲೇಬೇಕೆಂದು ಠಾಣೆಗೆ ಹೋಗಿ ಕೂತರು.

"ಯಜಮಾನ್ರೇ, ಇರೋ ಡೀಸೆಲ್ಲು ರಾತ್ರಿ ಗಸ್ತಿಗೇ ಸಾಲ್ತಿಲ್ಲ," ಎಂದರು ಸಬ್ ಇನ್ಸ್‌ಪೆಕ್ಟರು.

"ನಾನ್ ಹಾಕಿಸ್ತೀನಿ, ಬಿಡಿ."

"ನಿಮ್ ಹತ್ರ ಇಸ್ಕೊಂಡ್ರೆ ನನ್ ಕೆಲಸಾನೇ ಹೋಗುತ್ತೆ. ಡೀಸೆಲ್ ಖರ್ಚು ಪಂಚಾಯ್ತಿ ಕೊಡುತ್ತೆ ಅಂತ ನಿರ್ಣಯ ಮಾಡಿಸ್ಕೊಂಡ್ ಬನ್ನಿ. ಮೇಲಿನವರು ಒಪ್ಪಿದ್ರೆ ಚಳಿಗಾಲ ಮುಗಿಯೋವರ್ಗೂ ಬೆಳಗಿನ ಗಸ್ತು ಹಾಕ್ತೀನಿ."

ಪಂಚಾಯ್ತಿಯಲ್ಲಿ ಅಷ್ಟು ದುಡ್ಡೆಲ್ಲಿ? ಮಂಡಿಗೆ ಬಂದ ಪ್ರತಿ ಚೀಲದಿಂದ ಮಠದ ದಾಸೋಹಕ್ಕೆಂದು ಒಂದು ಕೊಬ್ಬರಿ ತೆಗೆದು ಬುಟ್ಟಿಗೆ ಹಾಕುವುದು ನಮ್ಮ ವ್ಯಾಪಾರಿಗಳ ರೂಢಿ. ಮಾವ ಅದರ ಪಕ್ಕದಲ್ಲೇ ಇನ್ನೊಂದು ಬುಟ್ಟಿ ಇಟ್ಟರು. ಪಕ್ಕದ ಮಂಡಿಯವರು ಬಂದು ನೋಡಿದರು.

"ಇದೇನ್ಲಾ ಹೊಸಾದು?"

"ಜೀಪಿನ ಕೊಬ್ಬರಿ."

"ಜೀಪು ಕೊಬ್ಬರಿ ತಿಂತದಾ?"

"ತಿಂದು ನಿನ್ ಮೊಮ್ಮಗಳ ಸ್ಕೂಲ್ ಬಸ್ಸು ಕಾಯ್ತದೆ. ಹಾಕ್ಲಾ!"

ಅವರು ಎರಡು ಹಾಕಿದರು.

ಬುಟ್ಟಿ ತುಂಬಿತು, ಮಾರಿ ಬಂದದ್ದನ್ನು ಪಂಚಾಯ್ತಿಗೆ ಕಟ್ಟುವುದೆಂದಾಯಿತು. ಅಡ್ಡ ಬಂದವರು ಯಾರು ಗೊತ್ತೆ? ಮಾವನ ಒಡಹುಟ್ಟಿದ ತಂಗಿ. ಅರ್ಥಾತ್ ನನ್ನ ತಾಯಿ! ಗ್ರಾಮಸಭೆಯಲ್ಲಿ ಎದ್ದು ನಿಂತು, "ಅಣ್ಣಾ, ಪೊಲೀಸ್ನೋರು ಬಂದ್ರೆ ರಸ್ತೆ ಮ್ಯಾಲಿನ ರಾಗಿ ತೆಗೀರಿ ಅಂತಾರೆ. ಎಲ್ಲಿಗ್ ಹಾಕ್ಲಿ, ನಿನ್ ತಲೆ ಮ್ಯಾಲಾ?" ಎಂದರು. ಸಭೆಯ ಹೆಂಗಸರೆಲ್ಲ ಹೌದ್ಹೌದು ಅಂದರು. ನಿರ್ಣಯ ಬಿದ್ದೇಹೋಯಿತು ಅಂದುಕೊಂಡೆ.

ಮಾವ ತಂಗಿಯ ಕಡೆ ತಿರುಗಿದರು. "ನಿನ್ ಮಗ ಹೋಗೋ ರಸ್ತೆ ಕಣವ್ವ ಅದು. ನನ್ ಮಂಡಿ ಅಂಗಳದಲ್ಲಿ ಹಾಕು. ಎಲ್ಲರೂ ಹಾಕ್ರಪ್ಪಾ, ಟ್ರ್ಯಾಕ್ಟರೂ ನಂದೇ ತುಳೀಲಿ!"

ಊರಿನ ರಾಗಿಯೆಲ್ಲ ಮಂಡಿಯ ಅಂಗಳಕ್ಕೆ ಬಂತು. ಕೊಬ್ಬರಿ ಎತ್ತಿದರೆ ಹೊಟ್ಟು ಹಾರುತ್ತಿತ್ತು. ಮಾವ ಸೀನುತ್ತಲೇ ವ್ಯಾಪಾರ ಮಾಡಿದರು. ಸೀನಿದ್ದನ್ನು ಒಪ್ಪಿಗೆಯೆಂದು ತಿಳಿದು ಒಬ್ಬ ಸರಕು ಹೇರಿಕೊಂಡು ಹೋದನಂತೆ! ನಿರ್ಣಯವಂತೂ ಪಾಸಾಯಿತು, ಮೇಲಿನಿಂದ ಒಪ್ಪಿಗೆ ಬಂತು, ಜೀಪು ಹೊರಟಿತು.

ಮುಂದಿನದನ್ನು ನಾನು ಎಷ್ಟು ಸರಿಯಾಗಿ ಹೇಳಬಲ್ಲೆನೋ ತಿಳಿಯದು. ಗಸ್ತು ಶುರುವಾಗಿ ಒಂದೆರಡು ವಾರವಾಗಿರಬೇಕು. ಅಂಥ ಮಂಜನ್ನು ನಾನು ಕಂಡಿರಲಿಲ್ಲ; ಅಥವಾ ಪ್ರತಿ ವರ್ಷವೂ ಹಾಗೇ ಅಂದುಕೊಳ್ಳುತ್ತೇನೋ ಏನೋ. ಹೆಡ್‌ಲೈಟು ಹಾಕಿದರೆ ಬಿಳಿ ಗೋಡೆ. ಹಿಂದೆ ಬಸ್ಸೊಂದರ ಹಾರ್ನ್ ಹತ್ತಿರವಾಗುತ್ತಿತ್ತು. ನಿಧಾನಿಸಿದರೆ ಬಸ್ಸು, ಓಡಿಸಿದರೆ ಏನಿದೆಯೋ! ಓಡಿಸಿದೆ. ಆಗ ಮಂಜಿನೊಳಗೆ ಕೆಂಪು, ನೀಲಿ ದೀಪ ಮಿನುಗಿತು, ಯಾರೋ ಕೂಗಿದರು. ಬ್ರೇಕ್ ಒತ್ತಿದೆ. ಜೀಪು ನಿಂತಿತ್ತು. ಅದರ ಆಚೆಗೆ, ಅಚ್ಚು ಮುರಿದು ಅರ್ಧ ರಸ್ತೆಗೆ ಅಡ್ಡ ಬಿದ್ದ ಕಾಯಿ ಟ್ರ್ಯಾಕ್ಟರು. ಒಂದು ದೀಪವಿಲ್ಲ. ನನ್ನ ಹಿಂದೆ ಬಸ್ಸು ಕಿರುಗುಟ್ಟುತ್ತ ನಿಂತಿತು. ಕಿಟಕಿಗಳಲ್ಲಿ ಮಂಕಿ ಟೋಪಿಯ ಪುಟ್ಟ ತಲೆಗಳು.

ಕಾನ್‌ಸ್ಟೇಬಲ್ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದವರು ಮಾವ.

"ನೀವು ಇಲ್ಲಿ?" ಎಂದೆ.

"ದಿನಾ ಜೀಪಲ್ಲೇ ಕೂತು ಬರ್ತಾರೆ ಸಾರ್," ಎಂದರು ಕಾನ್‌ಸ್ಟೇಬಲ್. "ನಿಮ್ ಬೈಕು ಹಾದು ಹೋದ್ಮೇಲೇ ಮನೆಗ್ ಹೋಗೋದು."

ಮಾವ ಬೈಯಲಿಲ್ಲ. ಟಾರ್ಚನ್ನು ಕಾನ್‌ಸ್ಟೇಬಲ್ ಕೈಗಿಟ್ಟು, ಪಂಚೆ ಎತ್ತಿ ಕಟ್ಟಿ ನನ್ನ ಬೈಕಿನ ಹಿಂದೆ ಹತ್ತತೊಡಗಿದರು. ಚಳಿಗಾಲದಲ್ಲಿ ಅವರು ಬೈಕ್ ಮುಟ್ಟಿದ್ದನ್ನೇ ನಾನು ಕಂಡಿರಲಿಲ್ಲ.

"ನೀವ್ಯಾಕೆ ಮಾವ?"

"ಹಿಂದೆ ಬಸ್ಸೈತೆ."

"ಅದಕ್ಕೆ?"

"ನೀನ್ ಮುಂದೆ ನೋಡ್ಕೊಂಡು ಓಡ್ಸು. ಹಿಂದೆ ನಾನಿರ್ತೀನಿ."

ಟ್ರ್ಯಾಕ್ಟರು ಐದು ಅಡಿ ದೂರವಿತ್ತೋ ಐವತ್ತು ಅಡಿಯೋ, ಮೊದಲು ದೀಪ ಕಂಡೆನೋ ಕೂಗು ಕೇಳಿದೆನೋ, ಕೇಳಿದವರಿಗೆಲ್ಲ ಬೇರೆ ಬೇರೆ ಹೇಳಿದ್ದೇನೆ. ಆದರೆ ಹಳೇಬೀಡು ಬರುವವರೆಗೂ ನನ್ನ ಎರಡು ಹೆಗಲ ಮೇಲೆ ಎರಡು ಕೈಗಳಿದ್ದವು. ಗಡಗಡ ನಡುಗುತ್ತಿದ್ದವು. ಒಂದು ಸಲವೂ ಬಿಡಲಿಲ್ಲ.