ಕನ್ನಡಕದಣ್ಣ ರೇಸು ನೋಡಿದ್ದು

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಸ್ಕ್ರೂ. ಅದೂ ಎಳ್ಳುಕಾಳಿಗಿಂತ ಚಿಕ್ಕದು. ನೆಲಕ್ಕೆ ಬಿದ್ದರೆ ಹುಡುಕುವ ಬದಲು ಹೊಸದು ಹಾಕಿಬಿಡುವುದೇ ಮೇಲು ಎನ್ನುವಂಥದ್ದು. ಅಂಥ ಸ್ಕ್ರೂಗಳನ್ನು ಬಿಗಿ ಮಾಡುತ್ತಲೇ ಕನ್ನಡಕದಣ್ಣನ ಮೂವತ್ತು ವರ್ಷ ಕಳೆದಿತ್ತು. ಪೇಟೆಯ ಅರ್ಧ ಜನಕ್ಕೆ ಕಣ್ಣು ಕಾಣುತ್ತಿದ್ದುದೇ ಅವನ ಅಂಗಡಿಯ ದಯೆಯಿಂದ. ಆದರೆ ವರ್ಷಕ್ಕೊಮ್ಮೆ ಊರಾಚೆಯ ಗುಡ್ಡದ ರಸ್ತೆಯಲ್ಲಿ ಹಾದುಹೋಗುವ ದೊಡ್ಡ ಸೈಕಲ್ ರೇಸನ್ನು ಮಾತ್ರ ಅವನು ಒಂದು ಸಲವೂ ಕಣ್ಣಾರೆ ಕಂಡವನಲ್ಲ.

ಹೋಗಿಲ್ಲವೆಂದಲ್ಲ. ಹನ್ನೊಂದು ವರ್ಷ ಹೆಂಡತಿಯ ಜೊತೆ ಹೋಗಿದ್ದ. ಎರಡು ಮಡಚುವ ಕುರ್ಚಿ, ಒಂದು ಫ್ಲಾಸ್ಕು, ಏರು ಮುಗಿದು ರಸ್ತೆ ಬಲಕ್ಕೆ ಹೊರಳುವ ಅದೇ ಜಾಗ. ಬೆಳಿಗ್ಗೆ ಎಂಟಕ್ಕೆ ಹೋಗಿ ಕೂತರೆ ಸವಾರರು ಬರುವುದು ಮಧ್ಯಾಹ್ನ ಒಂದೂವರೆಗೆ. ಬಂದರು, ನಲವತ್ತು ಸೆಕೆಂಡು, ಹೋದರು. ಆ ನಲವತ್ತು ಸೆಕೆಂಡಿಗೆ ಸರಿಯಾಗಿ ಯಾರದಾದರೂ ಕನ್ನಡಕ ಕೈಕೊಡುತ್ತಿತ್ತು. ಒಂದು ವರ್ಷ ಪಕ್ಕದ ಮನೆಯ ನಿವೃತ್ತ ಟೀಚರದು, ಮರುವರ್ಷ ಎದುರುಮನೆಯ ಬೇಕರಿಯವನದು, ಮತ್ತೆ ಟೀಚರದು. "ಪಾಪ, ಬೇಗ ಮಾಡಿಕೊಡಿ" ಎಂದು ಹೆಂಡತಿ ಸ್ಕ್ರೂ ಡ್ರೈವರನ್ನು ಕೈಗಿಡುತ್ತಿದ್ದಳು. ಇವನು ತಲೆ ತಗ್ಗಿಸುವುದಕ್ಕೂ ಸೈಕಲ್ಲುಗಳು ಸುಯ್ಯೆಂದು ಹೋಗುವುದಕ್ಕೂ ಸರಿಹೋಗುತ್ತಿತ್ತು.

ಮನೆಗೆ ಇಳಿದು ಬರುವಾಗ ಹೆಂಡತಿ ಎಲ್ಲವನ್ನೂ ಹೇಳುತ್ತಿದ್ದಳು. "ನೀಲಿ ಅಂಗಿಯವನು ಮುಂದಿದ್ದ ರೀ. ಮೊಣಕಾಲಲ್ಲಿ ಮಣ್ಣು. ಎಲ್ಲೋ ಬಿದ್ದು ಎದ್ದು ಬಂದಿದಾನೆ. ಹಿಂದಿನವನು ನಾಲಿಗೆ ಹೊರಗೆ ಹಾಕ್ಕೊಂಡು ತುಳೀತಿದ್ದ, ನಮ್ಮ ಬೇಕರಿಯವನು ಮೆಟ್ಟಿಲು ಹತ್ತೋ ಹಾಗೆ!" ಅಷ್ಟು ಕೇಳಿದರೆ ಅವನಿಗೆ ನೋಡಿದಷ್ಟೇ ಆಗುತ್ತಿತ್ತು. ಅಂಗಡಿಗೆ ಬಂದವರ ಮುಂದೆಲ್ಲ ಬೀಗುತ್ತಿದ್ದ: "ನನ್ನ ಹೆಂಡತಿಯದು ಹದ್ದಿನ ಕಣ್ಣು ಸ್ವಾಮಿ. ಊರಿಗೆಲ್ಲ ಕನ್ನಡಕ ಹಾಕಿದೆ, ಅವಳೊಬ್ಬಳಿಗೆ ಹಾಕೋ ಭಾಗ್ಯ ಬರಲಿಲ್ಲ." ದೂರದಿಂದ ಯಾರು ಬಂದರೂ ತಾನೇ ಮೊದಲು ನಗುವ ಹೆಂಗಸು ಅವಳು. ಒಮ್ಮೆ ಮೂಲೆಯ ಅಂಚೆ ಡಬ್ಬಿಗೂ ನಕ್ಕು ತಲೆಯಾಡಿಸಿದ್ದಳು. ತಮಾಷೆಗೆ ಎಂದುಕೊಂಡು ಇವನೂ ನಕ್ಕಿದ್ದ.

ಕಳೆದ ಚಳಿಗಾಲದಲ್ಲಿ ಅವಳು ತೀರಿಕೊಂಡಳು.

ಈ ವರ್ಷ ಬಂದು ಹೇಳುವವರು ಯಾರೂ ಇಲ್ಲ. ತಾನೇ ನೋಡಬೇಕು, ನೋಡಿಯೇ ತೀರಬೇಕು. ಇಲ್ಲದಿದ್ದರೆ ಇಳಿದು ಬರುವ ಆ ಎರಡು ಮೈಲಿಯನ್ನು ಏನನ್ನು ನೆನೆಸಿಕೊಂಡು ನಡೆಯುವುದು? ಕನ್ನಡಕದಣ್ಣ ಹಿಂದಿನ ದಿನವೇ ಅಂಗಡಿಯ ಬಾಗಿಲಿಗೆ 'ನಾಳೆ ರಜೆ' ಎಂದು ಚೀಟಿ ಅಂಟಿಸಿದ. ಸ್ಕ್ರೂ ಡ್ರೈವರುಗಳನ್ನೆಲ್ಲ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಬೆಳಿಗ್ಗೆ ಗುಡ್ಡ ಹತ್ತಿ ಹಗ್ಗ ಬಿಚ್ಚಿದಾಗಲೇ ಗೊತ್ತಾದದ್ದು, ಅಭ್ಯಾಸಬಲದಿಂದ ಎರಡು ಕುರ್ಚಿಗಳನ್ನೂ ಹೊತ್ತು ತಂದಿದ್ದಾನೆ. ವಾಪಸು ಕಟ್ಟಲು ಮನಸ್ಸಾಗಲಿಲ್ಲ. ಎರಡನ್ನೂ ಬಿಡಿಸಿಟ್ಟು ಒಂದರಲ್ಲಿ ಕೂತ. ಮೋಡ ಕವಿದಿತ್ತು, ಗಾಳಿ ತಣ್ಣಗಿತ್ತು, ಅವನಿಗೆ ಅಳು ಬರುವ ಹಾಗಿತ್ತು.

ಅಳಲಿಕ್ಕೂ ಬಿಡಬೇಕಲ್ಲ ಜನ. ಬೇಕರಿಯವನು ಬನ್ನಿನ ಚೀಲ ಹಿಡಿದು ಏದುಸಿರು ಬಿಡುತ್ತ ಬಂದ. "ಅಣ್ಣಾ, ಖಾಲಿ ಕುರ್ಚಿ ಇದೆಯಲ್ಲ, ಕೂತ್ಕೊಳ್ಳಲಾ?"

"ಬೇಡ."

"ಯಾರಾದ್ರೂ ಬರ್ತಾರಾ?"

ಕನ್ನಡಕದಣ್ಣ ಖಾಲಿ ಕುರ್ಚಿಯ ಮೇಲೆ ಕೈಯಿಟ್ಟ. ಬೇಕರಿಯವನಿಗೆ ತಡವಾಗಿ ಅರ್ಥವಾಗಿ, ಬಾಯಿಗೆ ಒಂದು ಬನ್ನು ತುರುಕಿಕೊಂಡು ಕಲ್ಲಿನ ಮೇಲೆ ಕೂತ.

ಹತ್ತಕ್ಕೆ, ಕಡ್ಡಿಗೆ ದಾರ ಸುತ್ತಿದ ಕನ್ನಡಕದವನೊಬ್ಬ ಬಂದ. "ಸಾರ್, ನೀವು ಕನ್ನಡಕದೋರಲ್ವಾ?" ಇವತ್ತು ರಜೆ ಎಂದ ಕನ್ನಡಕದಣ್ಣ. ಹನ್ನೊಂದಕ್ಕೆ ಒಬ್ಬಾಕೆ ಬಂದು ಎಡಗಣ್ಣು ಮುಚ್ಚಿ, ಆಚೆ ಗುಡ್ಡದ ಮೇಲಿನದು ಹಸುವೋ ಬಂಡೆಯೋ ಎಂದು ಕೇಳಿದಳು. ಅವಳಿಗೂ ರಜೆ. ಹನ್ನೆರಡಾಗುವಷ್ಟರಲ್ಲಿ ಅವನ ಹಿಂದೆ ಏಳು ಜನರ ಸಾಲು. ಒಬ್ಬೊಬ್ಬರಿಗೂ ಇಲ್ಲವೆಂದ, ಆದರೂ ಯಾರೂ ಕದಲಲಿಲ್ಲ. "ಎಂಥಾ ಕಲ್ಲು ಮನಸ್ಸಪ್ಪಾ" ಎಂದು ಸಾಲಿನಲ್ಲಿ ಯಾರೋ ಗೊಣಗಿದರು. ಇರಲಿ, ಕಲ್ಲೇ ಆಗಲಿ, ನಲವತ್ತು ಸೆಕೆಂಡು ತಲೆ ಎತ್ತಿದ ಕಲ್ಲು ಎಂದು ಹಲ್ಲು ಕಚ್ಚಿ ಕೂತ.

ಒಂದು ಇಪ್ಪತ್ತಕ್ಕೆ ಹೆಲಿಕಾಪ್ಟರಿನ ಸದ್ದು ಕೇಳಿಸಿತು. ಕೆಳಗಿನ ತಿರುವುಗಳಲ್ಲಿ ಜನ ಕೂಗತೊಡಗಿದರು. ಆಗ ಟೀಚರು ಎದುರಿಗೆ ಬಂದು ನಿಂತರು. ಒಂದು ಕೈಯಲ್ಲಿ ಕನ್ನಡಕ, ಇನ್ನೊಂದು ಕೈಯಲ್ಲಿ ಅದರ ಕಡ್ಡಿ, ಎರಡು ಬೆರಳ ನಡುವೆ ಸ್ಕ್ರೂ.

"ಏನ್ರೀ, ಇದೊಂದು ಸ್ವಲ್ಪ..."

"ಟೀಚರೇ, ನಿಮ್ಮ ಕಾಲಿಗೆ ಬೀಳ್ತೀನಿ. ಈ ವರ್ಷ ಬೇಡ. ಸ್ಕ್ರೂ ಡ್ರೈವರೂ ತಂದಿಲ್ಲ."

"ಅತ್ತಿಗೆಯ ಕುರ್ಚಿ ಕೆಳಗೆ ತೂಗೋ ಚೀಲದಲ್ಲಿ ಒಂದು ಇರ್ತಿತ್ತಲ್ಲಣ್ಣಾ," ಎಂದ ಬೇಕರಿಯವನು. ಬಾಯಿ ಮುಚ್ಚಿಕೊಂಡಿರಬೇಕಾದಾಗಲೇ ಬನ್ನು ಮುಗಿದಿತ್ತು.

"ಬೇಡ ಬೇಡ, ಆ ಚೀಲಕ್ಕೆ ಕೈ ಹಾಕ್ಬೇಡಿ!" ಟೀಚರು ಚೀರಿದರು.

ಅಷ್ಟರಲ್ಲಿ ಕನ್ನಡಕದಣ್ಣ ಕೈ ಹಾಕಿಯಾಗಿತ್ತು. ಸ್ಕ್ರೂ ಡ್ರೈವರು ಸಿಕ್ಕಿತು. ಅದರ ಜೊತೆಗೆ ಒಂದು ಕನ್ನಡಕದ ಡಬ್ಬಿಯೂ ಸಿಕ್ಕಿತು. ತನ್ನ ಅಂಗಡಿಯದಲ್ಲ, ಪಕ್ಕದ ಊರಿನ ಅಂಗಡಿಯ ಮೊಹರು. ಒಳಗೆ ತೆಳು ಚೌಕಟ್ಟಿನ ಹೆಂಗಸರ ಕನ್ನಡಕ. ಕೈಯಲ್ಲಿ ಹಿಡಿದು ಗಾಜನ್ನು ಅತ್ತಿತ್ತ ಆಡಿಸಿದ. ಅದರ ಮೂಲಕ ಪುಟ್ಟದಾಗಿ ಕಂಡ ಎದುರಿನ ಮರವೂ ಗಾಜು ಹೋದ ಕಡೆಗೇ ಹೋಯಿತು. ಮೈನಸ್ಸು. ನಾಲ್ಕಕ್ಕೆ ಕಡಿಮೆಯಿಲ್ಲ. ಹತ್ತು ಹೆಜ್ಜೆ ಆಚೆಗಿನ ಮುಖ ಗುರುತು ಸಿಗದ ಕಣ್ಣು.

"ಇದು ಯಾರದು?"

ಟೀಚರು ಹೇಳಬೇಕಾಗಲಿಲ್ಲ. ಅವನಿಗೆ ಅಂಚೆ ಡಬ್ಬಿ ನೆನಪಾಗಿತ್ತು.

"ನನಗ್ಯಾಕೆ ಹೇಳಲಿಲ್ಲ?"

"ಹೇಗೆ ಹೇಳ್ತಾಳ್ರೀ? ಹದ್ದಿನ ಕಣ್ಣು ಹದ್ದಿನ ಕಣ್ಣು ಅಂತ ನೀವು ಪೇಟೆಗೆಲ್ಲ ಸಾರಿಕೊಂಡು ಬಂದಿದ್ರಿ. ನಿಮ್ಮ ಮಾತು ಸುಳ್ಳಾಗ್ಬಾರದು ಅಂತ ಹೆದರಿಕೆ. ರೇಸಿನ ದಿನ ಬೆಳಿಗ್ಗೆ ನಮ್ಮನೆಗೆ ಬಂದು ತಾನೇ ನನ್ನ ಕನ್ನಡಕದ ಸ್ಕ್ರೂ ಸಡಿಲ ಮಾಡೋಳು. ಒಂದು ವರ್ಷ ನಂದು, ಒಂದು ವರ್ಷ ಇವಂದು. ನೀವು ತಲೆ ತಗ್ಗಿಸಿದ ತಕ್ಷಣ ಈ ಕನ್ನಡಕ ಹಾಕ್ಕೊಂಡು ನೋಡೋಳು, ನೀವು ತಲೆ ಎತ್ತೋದ್ರೊಳಗೆ ತೆಗೆದಿಡೋಳು."

ಬೇಕರಿಯವನು ನೆಲ ನೋಡುತ್ತ ಹೌದೆಂದು ತಲೆಯಾಡಿಸಿದ.

"ಹಾಗಾದ್ರೆ ಇವತ್ತು? ಇವತ್ತು ಯಾರು ಸಡಿಲ ಮಾಡಿದ್ದು?"

"ನಾನೇ," ಎಂದರು ಟೀಚರು. "ಹೋಗೋಕೆ ಒಂದು ವಾರ ಮುಂಚೆ ಕೈ ಹಿಡ್ಕೊಂಡು ಹೇಳಿದ್ಲು. 'ಮುಂದಿನ ರೇಸಿಗೂ ಅವರಿಗೆ ಒಂದು ಸ್ಕ್ರೂ ಕೊಡಿ. ಕೈಗೆ ಕೆಲಸ ಇಲ್ಲದಿದ್ರೆ ನನ್ನ ಕುರ್ಚಿ ನೋಡ್ಕೊಂಡು ಎಲ್ಲರೆದುರಿಗೆ ಅತ್ತುಬಿಡ್ತಾರೆ' ಅಂತ."

ಕನ್ನಡಕದಣ್ಣ ಎಲ್ಲರೆದುರಿಗೆ ಅತ್ತುಬಿಟ್ಟ. ಅಳುತ್ತಲೇ, ಏಕೆಂದು ಅವನಿಗೂ ಗೊತ್ತಿಲ್ಲದೆ, ಹೆಂಡತಿಯ ಕನ್ನಡಕವನ್ನು ಮೂಗಿಗೇರಿಸಿ ರಸ್ತೆಯ ಕಡೆ ತಿರುಗಿದ. ಮೊದಲೇ ಕಣ್ಣೀರು, ಅದರ ಮೇಲೆ ಬೇರೆಯವರ ಮೈನಸ್ ನಾಲ್ಕು. ಅದೇ ಹೊತ್ತಿಗೆ ಸವಾರರು ಬಂದರು. ಗಾಳಿ ಮುಖಕ್ಕೆ ಬಡಿಯಿತು, ಸುತ್ತಲಿನವರು ಕೇಕೆ ಹಾಕಿದರು, ಕಣ್ಣ ಮುಂದೆ ಏನೇನೋ ಬಣ್ಣಗಳು ನೀರಿನಲ್ಲಿ ಕಲಸಿದಂತೆ ಹರಿದವು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಾಗ ಖಾಲಿ ರಸ್ತೆಯಲ್ಲಿ ಕೊನೆಯ ವಾಹನ ತಿರುವು ದಾಟುತ್ತಿತ್ತು.

ಅವನು ಟೀಚರ ಸ್ಕ್ರೂ ಬಿಗಿ ಮಾಡಿಕೊಟ್ಟ. ಅವನ ಹಿಂದೆ ಸಾಲುಗಟ್ಟಿದ್ದ ಏಳು ಜನ ಇನ್ನೂ ಅಲ್ಲೇ ಇದ್ದರು, ಅವರದೂ ಮಾಡಿಕೊಟ್ಟ. ಹಸುವೋ ಬಂಡೆಯೋ ಎಂದು ಕೇಳಿದಾಕೆಗೆ ಹಸು ಎಂದ. ಆಮೇಲೆ ಎರಡು ಕುರ್ಚಿಗಳನ್ನೂ ಹೊತ್ತುಕೊಂಡು ಇಳಿಯತೊಡಗಿದ. ಟೀಚರೂ ಬೇಕರಿಯವನೂ ಅಕ್ಕಪಕ್ಕ ನಡೆದರು.

"ನನಗೆ ಕನ್ನಡಕ ಇರಲಿಲ್ಲ, ಏನೂ ಕಾಣಲಿಲ್ಲ," ಎಂದರು ಟೀಚರು ಅರ್ಧ ದಾರಿಯಲ್ಲಿ. "ಯಾರ್ರೀ ಮುಂದಿದ್ದದ್ದು?"

ಕನ್ನಡಕದಣ್ಣ ಕುರ್ಚಿಗಳನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

"ನೀಲಿ ಅಂಗಿಯವನು," ಎಂದ. "ಮೊಣಕಾಲಲ್ಲಿ ಮಣ್ಣಿತ್ತು. ಎಲ್ಲೋ ಬಿದ್ದು ಎದ್ದು ಬಂದಿದಾನೆ."

ಎಲ್ಲವನ್ನೂ ಸರಿಯಾಗಿ ನೋಡಿದ್ದ ಬೇಕರಿಯವನು ತಿದ್ದಲು ಬಾಯಿ ತೆರೆದ. ಟೀಚರು ಅವನ ತೋಳು ಚಿವುಟಿದರು.