ಬಾನೆಟ್ಟಿನ ಮೇಲೊಂದು ಉಂಗುರ

ತೀರಿಕೊಂಡವನ ಮೇಲೆ ದೂರು ಹೇಳುವುದು ಸಭ್ಯತೆಯಲ್ಲ ಎಂದು ನನಗೂ ಗೊತ್ತು. ಆದರೆ ನನ್ನ ಗೆಳೆಯ ಬದುಕಿದ್ದಾಗ ಹನ್ನೊಂದು ವರ್ಷ, ಪ್ರತಿ ಭಾನುವಾರ, ಒಂದು ವಾರವೂ ತಪ್ಪಿಸದೆ ನನ್ನ ಮೇಲೆ ದೂರು ಹೇಳಿದ್ದಾನೆ. ಅವನು ಹೋಗಿ ಈಗ ನಾಲ್ಕು ತಿಂಗಳು. ಇನ್ನು ನನ್ನ ಸರದಿ.

ಅವನದು ಕನ್ನಡಕದ ಅಂಗಡಿ. ದಿನವಿಡೀ ಗಾಜು ಉಜ್ಜಿ ಉಜ್ಜಿ, ಲೋಕದಲ್ಲಿ ಇರುವುದೆಲ್ಲ ಉಜ್ಜಿಸಿಕೊಳ್ಳುವುದಕ್ಕೇ ಹುಟ್ಟಿದೆ ಎಂಬ ತೀರ್ಮಾನಕ್ಕೆ ಬಂದಿದ್ದ. ಬೀದಿಯವರೆಲ್ಲ ಅವನನ್ನು ಫಳಫಳ ಎಂದೇ ಕರೆಯುತ್ತಿದ್ದರು. ಅವನು ನನ್ನನ್ನು ಪಂಡಿತ ಎನ್ನುತ್ತಿದ್ದ. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಯಾವ ಕೆಲಸಕ್ಕೆ ಇಳಿಯುವ ಮೊದಲೂ ಅದರ ಬಗ್ಗೆ ಒಂದು ಪುಸ್ತಕ ಓದುವವನು. ಓದಿ ಮುಗಿಸಿದ ಮೇಲೆ ಆ ಕೆಲಸ ಮಾಡದೆ ಉಳಿಯುವವನು. (ಕೊನೆಯ ಮಾತು ನನ್ನ ಹೆಂಡತಿಯದು. ತಿದ್ದಲು ಏನೂ ಸಿಗದ್ದರಿಂದ ಹಾಗೇ ಬಿಟ್ಟಿದ್ದೇನೆ.)

ಅವನಿಗೊಂದು ಬಿಳಿ ಕಾರಿತ್ತು. ಭಾನುವಾರ ಬೆಳಗಾದರೆ ಸಾಕು, ಅದನ್ನು ಗೇಟಿನ ಮುಂದೆ ನಿಲ್ಲಿಸಿಕೊಂಡು ಶುರು. ಎರಡು ಬಕೆಟ್ ನೀರು, ಒಂದು ಸೋಪಿನದು, ಇನ್ನೊಂದು ಬಟ್ಟೆ ಜಾಲಿಸಲು. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಮಾಡುವವರನ್ನು ಅವನು ಕೊಲೆಗಾರರ ಪಟ್ಟಿಯಲ್ಲಿ ಸೇರಿಸಿದ್ದ. ಹದಿನೇಳು ಬಟ್ಟೆಗಳಿದ್ದವು, ಬಾಗಿಲಿನ ಬಟ್ಟೆ ಬಾನೆಟ್ಟನ್ನು ಮುಟ್ಟುವ ಹಾಗಿರಲಿಲ್ಲ. ನಾನು ಎದುರು ಮನೆಯಿಂದ ಟೀ ಲೋಟ ಹಿಡಿದು ಹೋಗಿ, ಅವನ ಕಾಂಪೌಂಡಿನ ಕಟ್ಟೆಯ ಮೇಲೆ ಕೂತು, ಉಚಿತ ಸಲಹೆ ಕೊಡುತ್ತಿದ್ದೆ. ನಾನು ಹೋಗುವಷ್ಟರಲ್ಲಿ ಬಾನೆಟ್ಟಿನ ಕೆಲಸ ಯಾವಾಗಲೂ ಮುಗಿದಿರುತ್ತಿತ್ತು. ಅವನು ಉಜ್ಜುವುದು, ನಾನು ಮಾತಾಡುವುದು. ಮೂವತ್ತು ವರ್ಷದ ಸ್ನೇಹ ನಡೆದದ್ದೇ ಹೀಗೆ.

ಹನ್ನೊಂದು ವರ್ಷದ ಹಿಂದೆ, ಕಾರು ಇನ್ನೂ ಹೊಸದಾಗಿದ್ದಾಗ, ಯಾವುದೋ ವಾದದ ಭರದಲ್ಲಿ ನನಗೆ ಎರಡೂ ಕೈ ಬೇಕಾದವು. ಕೈಯಲ್ಲಿದ್ದ ಬಿಸಿ ಲೋಟವನ್ನು ಬಾನೆಟ್ ಮೇಲೆ ಇಟ್ಟೆ. ವಾದ ಗೆದ್ದೆ. (ವಿಷಯ ಏನೆಂದು ಮರೆತಿದ್ದೇನೆ, ಗೆದ್ದದ್ದು ಮಾತ್ರ ಚೆನ್ನಾಗಿ ನೆನಪಿದೆ.) ಲೋಟ ಎತ್ತಿದಾಗ, ಹಾಲಿನಂಥ ಬಿಳುಪಿನ ಮೇಲೆ ಒಂದು ಹಳದಿ ಉಂಗುರ, ಕೈವಾರ ಹಿಡಿದು ಬರೆದ ಹಾಗೆ.

"ಇದೇನಿದು?" ಅಂದ ಫಳಫಳ.

"ಟೀ."

"ಟೀ ಅಂತ ನನಗೂ ಕಾಣುತ್ತೆ. ಇದೇನು ಕಾರೋ, ನಿಮ್ಮಪ್ಪನ ಮೇಜೋ?"

ಅಂದು ಶುರುವಾದದ್ದು ನಿಲ್ಲಲೇ ಇಲ್ಲ. ಮನೆಗೆ ಯಾರು ಬಂದರೂ ಮೊದಲು ಬಾನೆಟ್ಟಿನ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. "ನೋಡಿ, ಇದು ಕಂಪನಿಯವರು ಕೊಟ್ಟಿದ್ದಲ್ಲ. ನಮ್ಮ ಪಂಡಿತರು ಪ್ರೀತಿಯಿಂದ ಹಾಕಿಸಿಕೊಟ್ಟಿದ್ದು." ಅವನ ಅಂಗಡಿಯಲ್ಲಿ ನಾನು ಕನ್ನಡಕ ಹಾಕಿಸಿಕೊಳ್ಳಲು ಹೋದರೆ, ಗಿರಾಕಿಗಳ ಎದುರೇ, "ಅಕ್ಷರ ಕಾಣದಿದ್ರೆ ಬಿಡು, ಉಂಗುರ ಕಾಣುತ್ತಾ?" ಎಂದು ಕೇಳುತ್ತಿದ್ದ. ಕೊನೆಗೆ ಆಸ್ಪತ್ರೆಯಲ್ಲಿ, ನಾನು ಟೀ ಹಿಡಿದು ಮಂಚದ ಪಕ್ಕ ಕೂತಿದ್ದಾಗ, ಕಣ್ಣು ತೆರೆಯದೆ ಕೇಳಿದ: "ಲೋಟ ಎಲ್ಲಿಟ್ಟೆ?"

"ನೆಲದ ಮೇಲೆ."

"ಹುಷಾರು ಕಣೋ. ನೆಲ ಆಸ್ಪತ್ರೆಯವರದು."

ನನ್ನ ಜೊತೆ ಅವನು ಆಡಿದ ಕೊನೆಯ ಮಾತು ಅದು. ಮಹಾನುಭಾವರು ಹೋಗುವಾಗ ಏನೇನೋ ದೊಡ್ಡ ಮಾತು ಹೇಳಿ ಹೋದರೆಂದು ಪುಸ್ತಕಗಳಲ್ಲಿ ಓದಿದ್ದೇನೆ. ನನ್ನ ಪಾಲಿಗೆ ಬಂದದ್ದು ನೆಲದ ಬಗ್ಗೆ.

ಎರಡು ವಾರದ ಹಿಂದೆ, ಸೋಮವಾರ, ಅವನ ಹೆಂಡತಿ, ನಮ್ಮ ಅತ್ತಿಗೆ, ಕಾರಿನ ಕೀ ಹಿಡಿದು ನಮ್ಮ ಮನೆಗೆ ಬಂದರು. ನಾಲ್ಕು ತಿಂಗಳಿಂದ ಅವರು ಆ ಕಾರಿನ ಹತ್ತಿರವೂ ಹೋಗಿರಲಿಲ್ಲ.

"ಈ ಭಾನುವಾರ ಕಾರು ತೆಗೀಬೇಕು ಅಂತಿದ್ದೀನಿ. ನಾನೇ ಓಡಿಸ್ತೀನಿ," ಅಂದರು. "ಅವತ್ತು ತೆಗೀದಿದ್ರೆ ಇನ್ನು ಯಾವತ್ತೂ ತೆಗೆಯೋಕೆ ಆಗಲ್ಲ ಅನ್ನಿಸ್ತಿದೆ. ಮೈಯೆಲ್ಲ ಧೂಳು. ಸ್ವಲ್ಪ ತೊಳೆದುಕೊಡ್ತೀರಾ? ಬರೀ ತೊಳೆದ್ರೆ ಸಾಕು. ಬೇರೇನೂ ಮಾಡಬೇಡಿ."

ಇಷ್ಟು ಸ್ಪಷ್ಟವಾದ ವಾಕ್ಯವನ್ನು ಒಬ್ಬ ಸಾಮಾನ್ಯ ಮನುಷ್ಯ ಹೇಗಿದೆಯೋ ಹಾಗೇ ಅರ್ಥ ಮಾಡಿಕೊಳ್ಳುತ್ತಾನೆ. ನಾನು ವಿದ್ಯಾವಂತ. "ಬೇರೇನೂ ಮಾಡಬೇಡಿ" ಎಂದರೆ ಸಂಕೋಚ, ದಾಕ್ಷಿಣ್ಯ, ನನಗೆ ತೊಂದರೆ ಕೊಡಬಾರದೆಂಬ ದೊಡ್ಡ ಮನಸ್ಸು ಎಂದು ಮೂರು ಅರ್ಥ ತೆಗೆದೆ. ಅವರು ಗೇಟು ದಾಟುವುದರೊಳಗೆ ನನಗೆ ಜ್ಞಾನೋದಯವಾಗಿತ್ತು: ಆ ಉಂಗುರವನ್ನು ತೆಗೆದುಬಿಡುವುದು! ತಪ್ಪು ಕಂಡಲ್ಲಿ ತೆಗೆಯುವುದು ನನ್ನ ಕಸುಬು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ತಿದ್ದದೆ ಬಿಟ್ಟ ನನ್ನದೇ ತಪ್ಪು ಅದೊಂದು. ಅವನ ಕಾರು ಮೊದಲ ಸಲ ಅವನಿಲ್ಲದೆ ಹೊರಡುವ ದಿನ ನಿಷ್ಕಳಂಕವಾಗಿ ಹೊರಡಬೇಕು.

ಪದ್ಧತಿಯಂತೆ ಅಧ್ಯಯನಕ್ಕೆ ಕೂತೆ. ಎರಡು ಪುಸ್ತಕ ಓದಿದೆ. ಮೊಬೈಲಿನಲ್ಲಿ ನಲವತ್ತು ವೀಡಿಯೊ ನೋಡಿದೆ. ಪ್ರತಿಯೊಂದರಲ್ಲೂ ಒಬ್ಬ ಗಡ್ಡದವನು ಉಳಿದ ಮೂವತ್ತೊಂಬತ್ತು ಗಡ್ಡದವರಿಗೆ ಏನೂ ಗೊತ್ತಿಲ್ಲ ಎಂದು ಸಾಧಿಸುತ್ತಿದ್ದ. ಬುಧವಾರದ ಹೊತ್ತಿಗೆ ಹೆಂಡತಿಗೆ ತಡೆಯಲಾಗಲಿಲ್ಲ.

"ಏನ್ರೀ, ಅವರು ತೊಳೆಯೋಕೆ ತಾನೇ ಹೇಳಿದ್ದು?"

"ತೊಳೆಯೋದು ಬೇರೆ, ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ. ಪಾಲಿಶ್ ಅಂದ್ರೆ ಬಣ್ಣದ ಮೇಲ್ಪದರವನ್ನ ಕೂದಲೆಳೆಯಷ್ಟು ಸವೆಸಿ ಕಲೆ ತೆಗೆಯೋದು. ವ್ಯಾಕ್ಸ್ ಅಂದ್ರೆ ಅದರ ಮೇಲೆ ಒಂದು ಕಾವಲು ಪದರ ಕೂರಿಸೋದು. ಒಂದು ಕಳೆಯುತ್ತೆ, ಒಂದು ಕಾಯುತ್ತೆ."

"ನಮ್ಮ ಒಲೆ ಹಿಂದಿನ ಗೋಡೇನೂ ಬಿಳೀದೇ. ಅದರ ಮೇಲೆ ಒಂಬತ್ತು ವರ್ಷದ ಎಣ್ಣೆ ಕಾವಲು ಕೂತಿದೆ. ಅದನ್ನ ಕಳೆಯೋಕೆ ಯಾವ ಪುಸ್ತಕ ಓದ್ಬೇಕು?"

"ಗಂಭೀರವಾದ ವಿಷಯಕ್ಕೆ ಗೋಡೆ ತರಬೇಡ."

"ಆಯ್ತು, ಗಂಭೀರವಾಗೇ ಕೇಳ್ತೀನಿ. ಹದಿನೇಳು ಬಟ್ಟೆ ಇಟ್ಕೊಂಡಿದ್ದ ಮನುಷ್ಯ, ಗಾಜಿನ ಮೇಲಿನ ಗೀರು ತೆಗೆದೇ ಅನ್ನ ತಿಂದವರು. ಅವರು ಆ ಉಂಗುರ ಯಾಕೆ ಬಿಟ್ಟಿದ್ರು ಅಂತ ಯೋಚನೆ ಮಾಡಿದ್ರಾ?"

"ಅವನ ಕೈಲಿ ಆಗಿರಲ್ಲ," ಎಂದೆ.

ಹೆಂಡತಿ ನನ್ನ ಮುಂದಿದ್ದ ಪುಸ್ತಕ ಮುಚ್ಚಿಟ್ಟು ಒಳಗೆ ಹೋದಳು. ಅವಳು ಮಾತು ಬಿಟ್ಟುಕೊಟ್ಟ ದಿನ ನಾನು ಹೆದರಬೇಕಿತ್ತು.

ಗುರುವಾರ ಕಾರಿನ ಸಾಮಾನು ಮಾರುವ ಅಂಗಡಿಗೆ ಹೋದೆ. ಅಂಗಡಿಯವನು ರೋಗಿಯನ್ನು ವಿಚಾರಿಸುವ ಡಾಕ್ಟರಂತೆ ಕೇಳಿದ:

"ಬಣ್ಣ?"

"ಬಿಳಿ."

"ಬಿಳಿ ಅಂದ್ರೆ? ಮುತ್ತಿನ ಬಿಳೀನಾ, ಬರೀ ಬಿಳೀನಾ?"

"ಬರೀ ಬಿಳಿ."

"ಕಷ್ಟ ಸಾರ್," ಎಂದು ನಿಟ್ಟುಸಿರು ಬಿಟ್ಟ. "ಕಪ್ಪು ಕಾರು ಗೀರು ತೋರಿಸುತ್ತೆ. ಬಿಳಿ ಕಾರು ಹಳದಿ ತೋರಿಸುತ್ತೆ. ಬಿಳಿ ಹೊಳೆಯಲ್ಲ ಸಾರ್, ಹೊಳೆಸ್ಬೇಕು." ಪಾಲಿಶ್‌ನಲ್ಲಿ ಒರಟು, ನಡು, ನಯ ಎಂದು ಮೂರು ಬಾಟಲಿ ಸಾಲಾಗಿ ಇಟ್ಟ. ನಾನು ಓದಿಕೊಂಡು ಹೋದವನಾದ್ದರಿಂದ ನಯವನ್ನು ಎತ್ತಿಕೊಂಡೆ. ವ್ಯಾಕ್ಸ್‌ನಲ್ಲಿ ಮೊದಲು ಒಂದು ದುಂಡು ಡಬ್ಬಿ ತೆರೆದು ಮೂಗಿನ ಹತ್ತಿರ ಹಿಡಿದ. "ಇದು ಮರದ ಎಲೆಯಿಂದ ಬರೋ ವ್ಯಾಕ್ಸ್. ವಾಸನೆ ನೋಡಿ. ಆದ್ರೆ ಬಿಳಿಗೆ ಒಂಚೂರು ಹಳದಿ ಛಾಯೆ ಕೊಡುತ್ತೆ ಅಂತಾರೆ ಕೆಲವರು." ಹಳದಿ ಎಂದ ಕೂಡಲೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಹಾಗಾದ್ರೆ ಇದು ತಗೊಳ್ಳಿ, ಸಿಂಥೆಟಿಕ್. ಗಾಜು ಕೂರಿಸಿದ ಹಾಗೆ. ಆರು ತಿಂಗಳು ಗ್ಯಾರಂಟಿ. ಹಕ್ಕಿ ಹಿಕ್ಕೆ, ಹುಳ, ಮಣ್ಣು, ಏನು ಬಿದ್ರೂ ಕಲೆ ಆಗಲ್ಲ."

"ಟೀ?"

"ಕಾರಿನ ಮೇಲೆ ಟೀ ಯಾಕೆ ಸಾರ್ ಬೀಳುತ್ತೆ?"

ನಾನು ಡಬ್ಬಿ ತೆಗೆದುಕೊಂಡೆ.

ಶನಿವಾರ ಎರಡು ಬಕೆಟ್ ನೀರಿಟ್ಟು ತೊಳೆದೆ. ಹದಿನೇಳು ಬಟ್ಟೆಗಳನ್ನು ಅತ್ತಿಗೆಯಿಂದ ಕೇಳಲು ಮನಸ್ಸು ಬರಲಿಲ್ಲ. ಹೆಂಡತಿಯ ಹೊಸ ಟವೆಲ್ ತಂದೆ. (ಅವಳನ್ನು ಕೇಳಲು ಧೈರ್ಯ ಬರಲಿಲ್ಲ.) ನಯವಾದ ಪಾಲಿಶ್ ನಾಲ್ಕು ಹನಿ ಹಾಕಿ, ಉಂಗುರದ ಮೇಲೆ ಹಿಂದೆ ಮುಂದೆ ಉಜ್ಜಲು ಕೂತೆ. ಇಡೀ ದಿನ ಬೇಕಾದೀತೆಂದು ಮಧ್ಯಾಹ್ನದ ಊಟಕ್ಕೂ ಬರುವುದಿಲ್ಲ ಎಂದು ಹೇಳಿ ಬಂದಿದ್ದೆ. ಹತ್ತು ನಿಮಿಷ. ಉಂಗುರ ಮಾಯ. ಹನ್ನೊಂದು ವರ್ಷ ನನ್ನ ಮಾನ ಕಳೆದ ವಸ್ತು, ಹತ್ತು ನಿಮಿಷದಲ್ಲಿ, ಕರಡಿನಿಂದ ಒಂದು ಅಲ್ಪವಿರಾಮ ತೆಗೆದಷ್ಟು ಸುಲಭವಾಗಿ ಹೋಯಿತು.

"ನೋಡಿದೆಯಾ?" ಎಂದೆ ಗಟ್ಟಿಯಾಗಿ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಅಲ್ಲಿ ಕೂರುತ್ತಿದ್ದವನು ನಾನೇ. ಈಗ ನಾನು ಈ ಕಡೆ ಇದ್ದೆ. ಆಮೇಲೆ, ಬೇರೇನು ಮಾಡಬೇಕೆಂದು ತಿಳಿಯದೆ, ವ್ಯಾಕ್ಸ್ ಹಾಕಿದೆ. ಒಂದು ಪದರ ಸಾಕು ಎಂದು ಡಬ್ಬಿಯ ಮೇಲೆ ಬರೆದಿತ್ತು. ಮೂರು ಹಾಕಿದೆ. ಸಂಜೆಗೆ ಕಾರು ಎಷ್ಟು ಹೊಳೆಯಿತೆಂದರೆ, ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮ್ಯಾನ್ ನಿಂತು, ಬಾಗಿಲಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡ.

ಭಾನುವಾರ ಬೆಳಗ್ಗೆ ಅತ್ತಿಗೆ ಬಂದರು. ನಾನು ಬಹುಮಾನ ಸ್ವೀಕರಿಸುವವನ ಹಾಗೆ ಗೇಟಿನ ಬಳಿ ನಿಂತಿದ್ದೆ. ಅವರು ನೇರ ಬಾನೆಟ್ಟಿನ ಎಡಗಡೆಗೆ ಹೋಗಿ, ನೋಡದೆಯೇ ಕೈ ಇಟ್ಟರು. ಆಮೇಲೆ ನೋಡಿದರು.

"ಎಲ್ಲಿ?"

"ತೆಗೆದೆ ಅತ್ತಿಗೆ!"

ಅವರು ಆ ಜಾಗದ ಮೇಲೆ ಬೆರಳಿನಿಂದ ದುಂಡಗೆ ಎಳೆದರು.

"ಅದಾದ ವಾರವೇ ನಾನು ತೆಗೆಯೋಕೆ ಹೋಗಿದ್ದೆ," ಅಂದರು. "ಹತ್ತು ನಿಮಿಷದ ಕೆಲಸ. ಅವರು ನನ್ನ ಕೈಯಿಂದ ಬಟ್ಟೆ ಕಿತ್ಕೊಂಡ್ರು. ಅದು ಹೋದ್ರೆ ಭಾನುವಾರ ಅವನನ್ನ ಏನಂತ ಬೈಯಲಿ ಅಂದ್ರು. ಎಲ್ಲಿ ಉಜ್ಜಿ ಅಳಿಸಿ ಹೋಗುತ್ತೋ ಅಂತ ಅದರ ಮೇಲೆ ದುಂಡಗೆ ಟೇಪ್ ಕತ್ತರಿಸಿ ಅಂಟಿಸಿ, ಆಮೇಲೆ ಬಾನೆಟ್ ಉಜ್ಜೋರು. ನೀವು ಟೀ ತರೋದರೊಳಗೆ ಕಿತ್ತುಬಿಡೋರು."

ನಾನು ಕೈಯಲ್ಲಿದ್ದ ಟವೆಲ್ಲನ್ನು ಬೆನ್ನ ಹಿಂದೆ ಸರಿಸಿದೆ.

"ಡ್ರೈವರ್ ಸೀಟಿನಿಂದ ಅದು ಕಾಣುತ್ತೆ. ಇವತ್ತು ಓಡಿಸುವಾಗ ಎದುರಿಗೆ ಅದೊಂದು ಇರುತ್ತೆ ಅಂದ್ಕೊಂಡಿದ್ದೆ," ಎಂದು ಕೀಯನ್ನು ಸೆರಗಿನಲ್ಲಿ ಸುತ್ತಿಕೊಂಡರು. "ಇರಲಿ ಬಿಡಿ. ಮುಂದೆ ಯಾವತ್ತಾದ್ರೂ ನೋಡೋಣ." ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮನೆಗೆ ಓಡಿದೆ. ಟೀ ಕುದಿಸಿದೆ. ಅದೇ ಲೋಟ, ಅಂಚಿನವರೆಗೆ ತುಂಬಿಸಿ, ಸುತ್ತ ಸ್ವಲ್ಪ ಚೆಲ್ಲಿಸಿ, ಬಾನೆಟ್ಟಿನ ಎಡಗಡೆ, ಅಳತೆ ಹಿಡಿದು ಇಟ್ಟೆ. ಐದು ನಿಮಿಷ ಕಾದು ಎತ್ತಿದೆ. ಚೆಲ್ಲಿದ ಟೀ ಮುತ್ತಾಗಿ ಉರುಳಿ ಕೆಳಗೆ ಬಿತ್ತು. ಬಾನೆಟ್ ಮದುವೆಯ ದಿನದ ಹುಡುಗನ ಹಾಗೆ ಹೊಳೆಯುತ್ತಿತ್ತು. ಇನ್ನೊಂದು ಲೋಟ. ಇನ್ನಷ್ಟು ಕಡಕ್. ಮತ್ತೆ ಮುತ್ತು. ಐದನೆಯದಕ್ಕೆ ಲೋಟ ತಿರುಗಿಸಿ ಒತ್ತಿದೆ. ಜೀವಮಾನದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ, ಅದೂ ಮೂರು ಪದರ.

"ಏನ್ರೀ ಇದು?" ಹೆಂಡತಿ ಹಿಂದೆ ಬಂದು ನಿಂತಿದ್ದಳು. "ಬೆಳಗ್ಗೆಯಿಂದ ಐದನೇ ಲೋಟ. ಹಾಲು ಮುಗೀತು. ಕುಡಿಯೋದಾದ್ರೆ ಕುಡೀರಿ, ಕಾರಿಗೆ ಯಾಕೆ ಕುಡಿಸ್ತೀರಾ? ಮತ್ತೆ ಅದು ನನ್ನ ಟವೆಲ್ಲಾ?"

ನಾನು ಟವೆಲ್ ಮಡಚುತ್ತಿರುವಾಗ ಫಳಫಳನ ಮನೆಯ ಕಿಟಕಿ ತೆರೆಯಿತು. ಅತ್ತಿಗೆ. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ.

"ಲೋಟ ಎಲ್ಲಿಟ್ರಿ?" ಎಂದು ಕೇಳಿದರು.

"ಅದು... ಬಾನೆಟ್ ಮೇಲೆ."

"ಅದೇನು ಕಾರೋ, ನಿಮ್ಮಪ್ಪನ ಮೇಜೋ?"

ಹೆಂಡತಿ ಮುಸಿಮುಸಿ ನಕ್ಕಳು. ನಾನು ಲೋಟ ಎತ್ತಿಕೊಂಡು ಬೇರೆ ಕಡೆ ತಿರುಗಿ ನಿಂತೆ. ಆ ಮಾತು ಕೇಳಿ ನಾಲ್ಕು ತಿಂಗಳಾಗಿತ್ತು.

ಮರುದಿನ ಅಂಗಡಿಗೆ ಹೋಗಿ ದೂರು ಕೊಟ್ಟೆ: ನಿಮ್ಮ ವ್ಯಾಕ್ಸ್ ಮೇಲೆ ಎಷ್ಟು ಪ್ರಯತ್ನಪಟ್ಟರೂ ಕಲೆ ಆಗುತ್ತಿಲ್ಲ. ಅಂಗಡಿಯವನು ನನ್ನ ಮುಖ ನೋಡಿದ, ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದ, ಬಹಳ ಮೃದುವಾಗಿ, "ಮನೇಲಿ ಬೇರೆ ಯಾರಾದ್ರೂ ಇದ್ದಾರಾ ಸಾರ್?" ಎಂದು ವಿಚಾರಿಸಿದ. ಉಳಿದ ಪಾಲಿಶ್‌ನಿಂದ ಒಲೆ ಹಿಂದಿನ ಗೋಡೆ ಉಜ್ಜಬೇಕೆಂದು ಮನೆಯಲ್ಲಿ ತೀರ್ಪಾಯಿತು. ಟವೆಲ್ಲಿನ ಶಿಕ್ಷೆ ಅದರಲ್ಲೇ ಸೇರಿದೆಯಂತೆ. ವಾರವಿಡೀ ಉಜ್ಜಿದೆ. ಅಲ್ಲಿ ಮಾತ್ರ ಯಾವ ಕಲೆಯೂ ಹೋಗಲಿಲ್ಲ.

ಇವತ್ತು ಭಾನುವಾರ. ಕಟ್ಟೆಯ ಮೇಲೆ ಕೂತಿದ್ದೆ. ಅತ್ತಿಗೆ ಒಳಗಿನಿಂದ ತಾವೇ ಒಂದು ಲೋಟ ಟೀ ತಂದು ನನ್ನ ಕೈಗೆ ಕೊಟ್ಟು, "ಇಡಿ," ಅಂದರು. ಇಟ್ಟೆ. ಇಬ್ಬರೂ ಐದು ನಿಮಿಷ ಅದನ್ನೇ ನೋಡುತ್ತ ನಿಂತೆವು. ಅವರೇ ಲೋಟ ಎತ್ತಿ, ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು ನೋಡಿದರು. ಏನೂ ಇರಲಿಲ್ಲ.

ಅತ್ತಿಗೆ ಲೋಟವನ್ನು ನನ್ನ ಕೈಗೆ ವಾಪಸ್ ಕೊಟ್ಟರು. ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತು, ಕೀ ತಿರುಗಿಸಿ, ಗಾಜು ಇಳಿಸಿ ಹೇಳಿದರು:

"ಒಂದು ಕಲೆ ಮಾಡಿ ಅಂದ್ರೂ ನಿಮ್ಮ ಕೈಲಿ ಆಗಲ್ವಲ್ಲ, ಪಂಡಿತರೇ. ಮುಂದಿನ ವಾರ ಇನ್ನೂ ಬಿಸಿಯಾಗಿ ತನ್ನಿ."

ಕಾರು ಬೀದಿಯ ತಿರುವಿನವರೆಗೆ ಹೋಗಿ, ಹಾರ್ನ್ ಮಾಡಿ, ತಿರುಗಿತು. ಗ್ಯಾರಂಟಿ ಮುಗಿಯಲು ಇನ್ನು ಇಪ್ಪತ್ತೈದು ಭಾನುವಾರಗಳಿವೆ.